‘ಹೆಚ್ಚಿದೆ’ ಎನ್ನುವ ನಾದಿನಿ

ನನ್ನ ನಾದಿನಿಗೆ ಕನ್ನಡ ಪೂರ್ತಿ ಬರುವುದಿಲ್ಲ.

ಭದ್ರಾವತಿಯಲ್ಲಿ ಹುಟ್ಟಿ, ಭದ್ರಾವತಿಯಲ್ಲೇ ಬೆಳೆದು, ಅಲ್ಲಿನ ಕಾರ್ಖಾನೆಯ ನೌಕರರೊಬ್ಬರ ಕೈಹಿಡಿದು, ಈಗ ಅರವತ್ತು ದಾಟಿರುವ ಹೆಂಗಸಿನ ಬಗ್ಗೆ ಹೀಗೆ ಹೇಳಿದರೆ ಯಾರು ನಂಬುತ್ತಾರೆ? ಆದರೆ ನಿಜ. ಅವಳ ಕನ್ನಡದಲ್ಲಿ ಒಂದು ಪದ ಇಲ್ಲ. ಯಾವ ಪದ ಎನ್ನುತ್ತೀರಾ? ‘ಇಲ್ಲ’ ಎಂಬ ಪದವೇ ಇಲ್ಲ. ಕ್ವಾರ್ಟರ್ಸಿನ ನೆರೆಹೊರೆಯವರಿಂದ ತಮಿಳು ಕಲಿತಿದ್ದಾಳೆ. ಅದರಲ್ಲೂ ‘ಇಲ್ಲೆ’ ಒಂದನ್ನು ಬಿಟ್ಟು ಕಲಿತಿದ್ದಾಳೆ.

ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ಉತ್ತರ ಹೇಳಲು ತಡವರಿಸುವವರ ಗದ್ದ ಹಿಡಿದೆತ್ತಿ ನಮ್ಮ ಸಿಸ್ಟರ್ ಒಬ್ಬರು “ಯೆಸ್ ಆರ್ ನೋ, ಚೈಲ್ಡ್?” ಎಂದು ಕೇಳುತ್ತಿದ್ದರು. ಪ್ರಪಂಚದಲ್ಲಿ ಇರುವುದು ಇವೆರಡೇ ಎಂದುಕೊಂಡು ಬೆಳೆದೆ. ಮೂರನೆಯದೂ ಒಂದಿದೆ ಎಂದು ತಿಳಿದದ್ದು ಮದುವೆಯಾಗಿ ಬಂದ ಮೇಲೆ. ಹೊಸತರಲ್ಲಿ ಒಂದು ದಿನ ಅಡಿಗೆಮನೆಯಿಂದ, “ಅತ್ತೆ, ಉಪ್ಪು ಇಲ್ಲ” ಎಂದೆ. ನಡುಮನೆಯಲ್ಲಿ ಮಾತು ನಿಂತಿತು. ಯಾರೋ ಹೋಗಿಬಿಟ್ಟರೇನೋ ಎನ್ನುವಂಥ ಮೌನ. ಆಗಿನ್ನೂ ಲಂಗ ಉಡುತ್ತಿದ್ದ ನಾದಿನಿ ಓಡಿಬಂದು ನನ್ನ ಕಿವಿಯಲ್ಲಿ, “ಅತ್ತಿಗೆ, ಉಪ್ಪು ಹೆಚ್ಚಿದೆ ಅನ್ನಿ” ಎಂದಳು.

ನಾನು ಜಾಡಿಗೆ ಬಗ್ಗಿ ನೋಡಿದೆ. “ಎಲ್ಲಿ ಹೆಚ್ಚಿದೆ? ತಳ ಕಾಣ್ತಿದೆ.”

“ತಳ ಕಂಡ್ರೇನೇ ಹೆಚ್ಚಿದೆ ಅನ್ನೋದು ಅತ್ತಿಗೆ.”

ನಿಮ್ಮ ಮನೆಗಳಲ್ಲೂ ಈ ಪದ್ಧತಿ ಇದ್ದೀತು. ಕುಂಕುಮ ಮುಗಿದರೆ ಹೆಚ್ಚಿದೆ. ಬಳೆ ಒಡೆದರೆ ಹೆಚ್ಚಿತು. ದೀಪ ಆರಿಸುವುದಕ್ಕೆ ದೊಡ್ಡದು ಮಾಡುವುದು ಎನ್ನಬೇಕು. ಹೊರಟವರು ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು. ಇದು ಎಲ್ಲ ಹೆಂಗಸರಿಗೂ ಗೊತ್ತು, ಎಲ್ಲರೂ ಒಂದು ಮಿತಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಆದರೆ ಮಧ್ಯೆ ಯಾವಾಗಲೋ ನನ್ನ ನಾದಿನಿ ಆ ಮಿತಿಯನ್ನು ದಾಟಿಬಿಟ್ಟಳು. ಅವಳ ಮನೆಯಲ್ಲಿ ಎಲ್ಲವೂ ಹೆಚ್ಚತೊಡಗಿತು. ಮೊಬೈಲಿನ ಚಾರ್ಜು ಹೆಚ್ಚಿತು, ಟ್ಯಾಂಕಿನ ನೀರು ಹೆಚ್ಚಿತು. ಸಿಲಿಂಡರ್ ಖಾಲಿಯಾದಾಗ ಏಜೆನ್ಸಿಗೆ ಫೋನ್ ಮಾಡಿ, “ಗ್ಯಾಸ್ ಹೆಚ್ಚಿದೆ ಕಣಪ್ಪ, ಬೇಗ ಬಾ” ಎಂದಳು. ಆ ಕಡೆಯವನು ಸಮಾಧಾನವಾಗಿ, “ಅಮ್ಮ, ಓಮಿನ ನೀರು ಕುಡೀರಿ. ಕಮ್ಮಿ ಆಗದಿದ್ರೆ ಡಾಕ್ಟ್ರಿಗೆ ತೋರ್ಸಿ” ಎಂದನಂತೆ.

ನಾನೂ ಮೋಸಹೋಗಿದ್ದೇನೆ. ಅವಳ ಮನೆಗೆ ಹೋದ ಒಂದು ಸಂಜೆ, “ಈರುಳ್ಳಿ ಹೆಚ್ಚಿದೆ ಅತ್ತಿಗೆ” ಎಂದಳು. ಹೆಚ್ಚಿದ್ದಾಳಲ್ಲ, ಬಾಡಿಸೋಣ ಎಂದು ನಾನು ಬಾಣಲೆ ಇಟ್ಟು, ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ ಕೈಚಾಚಿದೆ. ಮನೆಯಲ್ಲಿ ಒಂದು ಈರುಳ್ಳಿಯೂ ಇರಲಿಲ್ಲ. ಮಾರಾಯ್ತಿ, ಒಂದು ಭಾಷೆಯಲ್ಲಿ ‘ಕತ್ತರಿಸಿಟ್ಟಿದ್ದೇನೆ’, ‘ಬೇಕಾದಷ್ಟಿದೆ’, ‘ಖಾಲಿಯಾಗಿದೆ’ ಮೂರಕ್ಕೂ ಒಂದೇ ಮಾತಾದರೆ ಅಡಿಗೆ ಮಾಡುವುದು ಹೇಗೆ?

ಅವಳ ಯಜಮಾನರು ಹೋದ ಮೇಲೂ ಇದು ಬದಲಾಗಲಿಲ್ಲ. ಯಾರಾದರೂ ಅವರ ವಿಚಾರ ಎತ್ತಿದರೆ, “ಮೇಲೆ ಡ್ಯೂಟಿ ಹಾಕಿದ್ದಾರೆ” ಎನ್ನುತ್ತಿದ್ದಳು. ಜೀವನಪೂರ್ತಿ ಶಿಫ್ಟಿನಲ್ಲಿ ದುಡಿದ ಮನುಷ್ಯನ ಬಗ್ಗೆ ಆ ಮಾತು ಸುಳ್ಳೆನಿಸುತ್ತಿರಲಿಲ್ಲ. ಒಮ್ಮೆ ಮನೆಮನೆ ಸಮೀಕ್ಷೆಗೆಂದು ಬಂದ ಹುಡುಗಿ ಬಾಗಿಲಲ್ಲಿ ನಿಂತು, “ಮಕ್ಕಳೆಷ್ಟು ಅಮ್ಮ?” ಎಂದು ಕೇಳಿದಳು. ಮಕ್ಕಳಾಗಲಿಲ್ಲ ಎನ್ನಬೇಕಾಗಿದ್ದ ನನ್ನ ನಾದಿನಿ ಸೆರಗು ಸರಿಮಾಡಿಕೊಂಡು, “ಇನ್ನೂ ಬರಬೇಕು” ಎಂದಳು. ಆ ಹುಡುಗಿ ಇವಳ ನರೆತ ತಲೆ ನೋಡಿದಳು, ನನ್ನನ್ನು ನೋಡಿದಳು, ಪೆನ್ನನ್ನು ನೋಡಿದಳು. ನಾನು ನಕ್ಕೆ. ನಾದಿನಿ ನಗಲಿಲ್ಲ.

ಇಂಥವಳನ್ನು ಶಾಲೆಗೆ ಸೇರಿಸಿಕೊಂಡರು ನೋಡಿ, ಅವರ ಧೈರ್ಯ ದೊಡ್ಡದು.

ಭದ್ರಾವತಿಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಒಂದು ಹಳ್ಳಿ. ಅಲ್ಲೊಂದು ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಹೆಡ್ ಮಿಸ್ ಸೇರಿ ಇಬ್ಬರು ಟೀಚರು. ಅವರಲ್ಲಿ ಒಬ್ಬರು ಸದಾ ಟ್ರೈನಿಂಗು, ಮೀಟಿಂಗು ಎಂದು ಹೊರಗೆ. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ತಿದ್ದಿಸಲು, ಮೂಗು ಒರೆಸಲು, ಹಿಂದೆ ಬಿದ್ದವರ ಜೊತೆ ಕೂತು ಓದಿಸಲು ಒಬ್ಬ ಸಹಾಯಕಿ ಬೇಕಾಗಿತ್ತು. ಹೆಡ್ ಮಿಸ್ಸಿನ ಮನೆ ನಾದಿನಿಯ ಬೀದಿಯಲ್ಲೇ. ಊರಿನವರ ಶಾಲಾ ಸಮಿತಿಯನ್ನು ಒಪ್ಪಿಸಿ ಇವಳನ್ನು ಕರೆದುಕೊಂಡು ಹೋದರು. ಮಕ್ಕಳು ‘ಅಜ್ಜಿ ಮಿಸ್’ ಎಂದು ಹೆಸರಿಟ್ಟರು.

ಅವಳು ಸುಮ್ಮನಿರಲಿಲ್ಲ, ನನ್ನನ್ನೂ ಎಳೆದಳು. “ನಿಮ್ಮ ಇಂಗ್ಲಿಷು ಶಿವಮೊಗ್ಗದ ವಿನೋಬನಗರದಲ್ಲಿ ಕೂತು ಕೊಳೀತಿದೆ ಅತ್ತಿಗೆ. ಶನಿವಾರ ಬೆಳಗಿನ ಶಾಲೆ, ಬಂದು ನಾಲ್ಕು ಮಾತು ಹೇಳ್ಕೊಡಿ.” ಹೀಗೆ ನಾನು ಶನಿವಾರದ ಮಿಸ್ ಆದೆ. ಮೊದಲ ದಿನ ‘ಯೆಸ್’ ಮತ್ತು ‘ನೋ’ ಕಲಿಸಿ, ನೀರು ಕುಡಿಯಲು ಹೊರಗೆ ಹೋಗಿ ಬಂದೆ. ಬೆಕ್ಕಿನ ಚಿತ್ರ ತೋರಿಸಿ “ಈಸ್ ದಿಸ್ ಎ ಡಾಗ್?” ಎಂದರೆ ಇಡೀ ತರಗತಿ ಒಂದೇ ದನಿಯಲ್ಲಿ “ನೋಡೋಣ ಮಿಸ್!” ಎಂದಿತು.

“ಏನೇ ಇದು?” ಎಂದು ನಾದಿನಿಯತ್ತ ತಿರುಗಿದೆ.

“ನೋ ಅಂದ್ರೆ ನೋಡೋಣ ಅನ್ನೋದರ ಷಾರ್ಟ್ ಫಾರಂ ಅಂತ ಹೇಳಿದೆ ಅತ್ತಿಗೆ. ಮಕ್ಕಳ ಬಾಯಲ್ಲಿ ಅದೊಂದು ಯಾಕೆ?”

ಲೆಕ್ಕದ ಕತೆ ಇನ್ನೂ ಕಷ್ಟದ್ದು. ‘ಕಳೆಯುವುದು’ ಎಂಬ ಮಾತೂ ಅವಳಿಗೆ ಆಗದು. ಮಕ್ಕಳ ಕೈಗೆ ಐದು ಹುಣಸೆಬೀಜ ಕೊಟ್ಟು, “ಎಲ್ಲಾನೂ ಪಕ್ಕದವನಿಗೆ ಕೊಡು. ಈಗ ನಿನ್ನ ಹತ್ರ?” ಎಂದು ಕೇಳುವಳು. “ಹೆಚ್ಚಿತು ಅಜ್ಜಿ ಮಿಸ್” ಎಂದು ಮಕ್ಕಳು. ತಪಾಸಣೆಗೆ ಬಂದ ಸಾಹೇಬರೊಬ್ಬರು ಎದುರಿಗೆ ಕೂತ ಹುಡುಗನನ್ನು, “ಐದರಲ್ಲಿ ಐದು ಕಳೆದರೆ?” ಎಂದು ಕೇಳಿಯೇ ಬಿಟ್ಟರು. ಅವನು ಎದ್ದು, ಕೈಕಟ್ಟಿ, ಗಂಭೀರವಾಗಿ “ಹೆಚ್ಚಿತು ಸಾರ್” ಎಂದ. ಸಾಹೇಬರು ಕನ್ನಡಕ ತೆಗೆದರು. “ಮೇಡಂ, ಇದು ಯಾವ ಸಿಲಬಸ್ಸು?” ಹೆಡ್ ಮಿಸ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ನನ್ನ ನಾದಿನಿ, “ಪಕ್ಕದವನ ಹತ್ರ ಹೆಚ್ಚಿರುತ್ತಲ್ಲ ಸಾರ್” ಎಂದಳು.

ಅವರು ಹೋದ ಮೇಲೆ ಹೆಡ್ ಮಿಸ್ ಕೈಮುಗಿದರು. “ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಸೊನ್ನೆ ಹೇಳ್ಕೊಡಿ.” ಕೊನೆಗೊಂದು ರಾಜಿಯಾಯಿತು. ಇವತ್ತಿಗೂ ಆ ಶಾಲೆಯಲ್ಲಿ ಐದರಲ್ಲಿ ಐದು ಹೋದರೆ ‘ಉಂಡೆ’. ದುಂಡಗಿದೆಯಲ್ಲ, ಅದಕ್ಕೆ.

ಅಲ್ಲಿಗೆ ರೇಣುಕಾ ಬಂದಳು.

ಹಳ್ಳಿಯ ಆಚೆ ಇಟ್ಟಿಗೆ ಭಟ್ಟಿಯಿದೆ. ಅಲ್ಲಿ ಕೆಲಸಕ್ಕೆ ಬಂದವರ ಮಗಳು ಅವಳು. ಎರಡನೇ ತರಗತಿಗೆ ಸೇರಿಸಿದರು. ಬಂದ ದಿನ ಮಧ್ಯಾಹ್ನ ಊಟದ ಸಾಲಿನಲ್ಲಿ ಕೊನೆಗೆ ನಿಂತಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಪಾತ್ರೆ ಬರಿದಾಗಿತ್ತು. ಬಡಿಸುತ್ತಿದ್ದ ನನ್ನ ನಾದಿನಿ, “ಸಾರು ಹೆಚ್ಚಿದೆ ಕಂದಾ” ಎಂದಳು. ಹುಡುಗಿ ತುದಿಗಾಲಲ್ಲಿ ನಿಂತು ಪಾತ್ರೆಯೊಳಗೆ ಇಣುಕಿದಳು. ಆಮೇಲೆ ನಾದಿನಿಯ ಮುಖವನ್ನೇ ನೋಡುತ್ತ ಸ್ಪಷ್ಟವಾಗಿ, “ಇಲ್ಲ” ಎಂದಳು.

ಅವತ್ತು ನಾದಿನಿಯ ಊಟದ ಡಬ್ಬಿ ಅವಳ ಹೊಟ್ಟೆ ಸೇರಿತು. ಆದರೆ ಆ ಹುಡುಗಿಯ ಬಾಯಲ್ಲಿ ಇರುವುದು ಅದೊಂದೇ ಮಾತು ಎಂದು ಗೊತ್ತಾಗಲು ಕೆಲವು ದಿನ ಬೇಕಾಯಿತು. ಹೆಸರೇನು? ಇಲ್ಲ. ಹಸಿವಾ? ಇಲ್ಲ. ಹಾಜರಿ ಕೂಗುವಾಗ, ಎದುರಿಗೇ ಕೂತು, “ಇಲ್ಲ ಮಿಸ್.” ಹೆಡ್ ಮಿಸ್ ಪೆನ್ನು ಕೆಳಗಿಟ್ಟು, “ಇಲ್ಲದೋಳು ಹೆಂಗೆ ಮಾತಾಡ್ತೀಯೇ?” ಎಂದು ಕೇಳಿದರೆ ಅದಕ್ಕೂ “ಇಲ್ಲ.” ಕಿವಿ ಕೇಳುತ್ತಿತ್ತು, ಕಣ್ಣು ಚುರುಕಾಗಿತ್ತು. ಡಾಕ್ಟರಿಗೆ ತೋರಿಸಿ ಎಂದು ಹೆಡ್ ಮಿಸ್ ಮನೆಯವರಿಗೆ ಹೇಳಿ ಕಳಿಸಿದರು. “ಮನೇಲೂ ಹಂಗೇ” ಎಂದಷ್ಟೇ ಉತ್ತರ ಬಂತು. ಅವಳ ಪಕ್ಕ ಕೂರುವ ಕೆಲಸ ಸಹಾಯಕಿಗೇ ಬಂತು.

ನೋಡಿ ದೇವರ ತಮಾಷೆ. ಒಬ್ಬಳ ಬಾಯಲ್ಲಿ ಆ ಪದ ಬರುವುದಿಲ್ಲ, ಇನ್ನೊಬ್ಬಳ ಬಾಯಲ್ಲಿ ಬೇರೆ ಪದವೇ ಬರುವುದಿಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ.

ಮೊದಮೊದಲು ಪ್ರತಿ ‘ಇಲ್ಲ’ಕ್ಕೂ ನಾದಿನಿ “ಶಿವಶಿವಾ” ಎಂದು ಕಿವಿ ಮುಟ್ಟಿಕೊಳ್ಳುತ್ತಿದ್ದಳು. “ಹಾಗನ್ನಬಾರದು ಕಂದಾ, ಹೆಚ್ಚಿದೆ ಅನ್ಬೇಕು.” ಹುಡುಗಿ ಗಮನವಿಟ್ಟು ಕೇಳುವಳು. “ಗೊತ್ತಾಯ್ತಾ?” “ಇಲ್ಲ.” ಅಲ್ಲಿಂದ ನನ್ನ ನಾದಿನಿ ದಾರಿ ಬದಲಿಸಿದಳು. ಒಂದು ಶನಿವಾರ ಹೋದಾಗ ಚಾಪೆಯ ಮೇಲೆ ಭಾರಿ ಕ್ವಿಜ್ ನಡೆದಿತ್ತು.

“ಹಸೂಗೆ ರೆಕ್ಕೆ ಇದೆಯಾ?”

“ಇಲ್ಲ.”

“ಶಹಬ್ಬಾಸ್! ತ್ಯಾವರೆಕೊಪ್ಪ ಸಫಾರಿಯ ಸಿಂಹ ಹುಲ್ಲು ಮೇಯುತ್ತಾ?”

“ಇಲ್ಲ.”

“ಶಹಬ್ಬಾಸ್! ‘ಅ’ಗೆ ಬಾಲ ಇದೆಯಾ? ಸರಿಯಾಗಿ ನೋಡು.”

ಹುಡುಗಿ ಸ್ಲೇಟನ್ನು ನೋಡಿ, “ಇಲ್ಲ” ಎನ್ನುವಳು. ಪ್ರತಿ ಉತ್ತರಕ್ಕೂ ಉಳಿದ ಮಕ್ಕಳ ಚಪ್ಪಾಳೆ. ರೇಣುಕಾ ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

“ಇದು ಚೀಟಿಂಗ್ ಕಣೇ” ಎಂದೆ.

“ಚೀಟಿಂಗ್ ಏನು ಅತ್ತಿಗೆ? ಉತ್ತರ ಅವಳ ಹತ್ರ ಇದೆ. ಪ್ರಶ್ನೆ ನಾವು ಹುಡುಕ್ಕೋಬೇಕು.”

ಅಷ್ಟೇ ಅಲ್ಲ, ನಾದಿನಿಗೆ ಇದರಿಂದ ಸ್ವಂತ ಅನುಕೂಲವೂ ಆಯಿತು. ಯಾರಾದರೂ ಬಂದು “ಹೆಡ್ ಮಿಸ್ ಇದ್ದಾರಾ?” ಎಂದು ಕೇಳಿದರೆ ರೇಣುಕಾಳನ್ನು ಮುಂದೆ ತಳ್ಳುವಳು. “ಇಲ್ಲ.” ಸೀಮೆಸುಣ್ಣ ಇದೆಯಾ? ತಳ್ಳುವಳು. “ಇಲ್ಲ.” ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಮಾತು ಊರಿಗೆ ಸರಿಯಾಗಿ ಅರ್ಥವಾಗತೊಡಗಿತು.

ಹೀಗೇ ನಡೆದುಕೊಂಡು ಹೋಗಬಹುದಿತ್ತು. ಒಂದು ಶನಿವಾರ, ಶಾಲೆ ಬಿಡುವ ಹೊತ್ತಿಗೆ, ರೇಣುಕಾಳ ಅಪ್ಪ ಬಂದ. ಭಟ್ಟಿಯಿಂದ ನೇರ ಬಂದಿದ್ದ, ಕೈತುಂಬ ಕೆಂಪು ಧೂಳು. ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತ.

“ಮೇಡಂ, ಇವಳ ಹೆಸರು ತೆಗೆದುಬಿಡಿ. ಮನೇಲಿ ಚಿಕ್ಕದೈತೆ. ನಾವಿಬ್ರೂ ಕೆಲಸಕ್ಕೆ ಹೋದ್ರೆ ನೋಡ್ಕಳಕ್ಕೆ ಜನ ಬೇಕು.”

“ಇದು ಓದೋ ವಯಸ್ಸಪ್ಪ” ಎಂದರು ಹೆಡ್ ಮಿಸ್.

“ಓದು ಹತ್ತೋ ಮಕ್ಕಳಿಗೆ ಸರಿ ಮೇಡಂ. ನೀವೇ ನೋಡಿ.” ಮಗಳ ಕಡೆ ತಿರುಗಿದ. “ಏನೇ, ಓದಕ್ಕೆ ಬರುತ್ತೇನೇ?”

“ಇಲ್ಲ” ಎಂದಳು ರೇಣುಕಾ. ಎಂದವಳೇ ನನ್ನ ನಾದಿನಿಯ ಕಡೆ ತಿರುಗಿ ನಕ್ಕಳು. ಶಹಬ್ಬಾಸ್ ಬರಬೇಕಾಗಿತ್ತು. ಬರಲಿಲ್ಲ.

“ಇಸ್ಕೂಲಿಗೆ ಬರ್ತೀಯಾ ಇನ್ನು?”

“ಇಲ್ಲ.” ಮತ್ತೆ ಅದೇ ನಗು. ಈಗಲಾದರೂ ಚಪ್ಪಾಳೆ ಬಂದೀತೆಂದು ಕಾಯುತ್ತ ನಿಂತಳು.

ನಾನು ಆ ಹೊತ್ತಿನಲ್ಲಿ ನಾದಿನಿಯ ಮುಖ ನೋಡಬಾರದಾಗಿತ್ತು. ಅವಳು ಎದ್ದು ಬಾಗಿಲಿಗೆ ಬಂದಳು. “ನೋಡೋಣಪ್ಪ” ಎಂದಳು. “ಆಗ್ಲಿ, ಇವತ್ತು ಹೋಗಿ ಬನ್ನಿ. ಇನ್ನೊಂದಿನ ಮಾತಾಡೋಣ.” ಅರವತ್ತು ದಾಟುವವರೆಗೆ ಅವಳು ಬೇಡವೆನ್ನುವುದಕ್ಕೆ ಕಲಿತದ್ದು ಇಷ್ಟೇ. ಅವನಿಗೆ ಅದು ಹೇಗೆ ತಿಳಿಯಬೇಕು?

“ನೋಡಿ ಮೇಡಂ, ಅಜ್ಜೀನೂ ಆಗ್ಲಿ ಅಂದ್ರು” ಎಂದು ಅವನು ಮಗಳ ಬ್ಯಾಗು ಎತ್ತಿಕೊಂಡ. ಅವಳ ಕೈ ಹಿಡಿದ.

“ಇಲ್ಲ.”

ಎಲ್ಲರೂ ರೇಣುಕಾಳನ್ನು ನೋಡಿದೆವು. ಅವಳ ಬಾಯಿ ಮುಚ್ಚಿತ್ತು.

“ಇಲ್ಲ” ಎಂದಳು ನನ್ನ ನಾದಿನಿ. ದನಿ ಒಡೆದಿತ್ತು, ಹೊಸದಾಗಿ ಮಾತು ಕಲಿತವರ ದನಿ. “ಕಳಿಸಲ್ಲ. ಆಗಲ್ಲ. ಇಲ್ಲ.”

ಅಪ್ಪ ಹಾಗೇ ನಿಂತ. ರೇಣುಕಾ ಅವನ ಕೈ ಬಿಡಿಸಿಕೊಂಡು ಬಂದು, ನಾದಿನಿಯ ಸೆರಗು ಹಿಡಿದು ಜಗ್ಗಿದಳು. ತಪ್ಪು ಮಾಡಿದ ಚಿಕ್ಕ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ,

“ಅಜ್ಜೀ, ಹಂಗನ್ಬಾರ್ದು. ಹೆಚ್ಚಿದೆ ಅನ್ಬೇಕು” ಎಂದಳು.

ಅವನ ಕೈಯಿಂದ ಬ್ಯಾಗು ಜಾರಿತು. “ಏನಂದೆ? ಇನ್ನೊಂದ್ಸಲ ಅನ್ನು.”

“ಇಲ್ಲ” ಎಂದಳು ರೇಣುಕಾ.

ಹೆಡ್ ಮಿಸ್ ನಕ್ಕುಬಿಟ್ಟರು, ನಗುತ್ತ ಕಣ್ಣೊರೆಸಿಕೊಂಡರು. ಅವನು ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತ. “ಇಷ್ಟು ಮಾತು ನಾವು ಕೇಳೇ ಇರ್ಲಿಲ್ಲ” ಎಂದ, ಯಾರಿಗೆಂದಲ್ಲ. “ಚಿಕ್ಕದನ್ನೂ ಅವಳ ಜೊತೆ ಇಲ್ಲಿಗೇ ಕಳಿಸಪ್ಪ. ನಾನಿದೀನಿ” ಎಂದಳು ನಾದಿನಿ. ಅವನು ಹೆಡ್ ಮಿಸ್ ಮುಖ ನೋಡಿದ. ಅವರು ಹೂಂ ಎಂದು ತಲೆಯಾಡಿಸಿದರು. ಅವನು ಎದ್ದು ಧೂಳು ಕೊಡವಿಕೊಂಡ. “ಸೋಮವಾರ ನೋಡೋಣ ಅಮ್ಮ” ಎಂದು ಮಗಳನ್ನು ಕರೆದುಕೊಂಡು ಹೋದ.

ನೋಡೋಣ. ಇಷ್ಟು ವರ್ಷ ನನ್ನ ನಾದಿನಿ ಊರಿಗೆಲ್ಲ ಹಂಚಿದ ಮಾತು ಅವತ್ತು ಅವಳಿಗೇ ವಾಪಸ್ಸು ಬಂತು. ಅದರ ಅರ್ಥ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನು ಅವತ್ತು ಶಿವಮೊಗ್ಗಕ್ಕೆ ವಾಪಸ್ಸಾಗಲಿಲ್ಲ. ಅವಳ ಮನೆಯಲ್ಲೇ ಉಳಿದೆ. ಭಾನುವಾರ ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದವಳು, ಮೊರದಿಂದ ಕಣ್ಣೆತ್ತದೆ, “ಬಾಯಿಂದ ಬಂದುಬಿಡ್ತು ಅತ್ತಿಗೆ” ಎಂದಳು.

“ಬಂದದ್ದು ಒಳ್ಳೇದೇ ಆಯ್ತು. ಇಟ್ ಈಸ್ ಜಸ್ಟ್ ಎ ವರ್ಡ್.”

“ಒಂದು ಸಲ ಅಂದಿದ್ದೆ.” ಬೆರಳು ಅಕ್ಕಿಯಲ್ಲಿ ಆಡುತ್ತಲೇ ಇತ್ತು. “ಮದುವೆ ಆದ ಹೊಸತು. ತಿಂಗಳು ನಿಂತಿತ್ತು. ಯಾರಿಗೂ ಹೇಳಿರ್ಲಿಲ್ಲ. ಮೂರು ತುಂಬೋವರೆಗೂ ಹೇಳಬಾರದು ಅಂತಾರಲ್ಲ. ಪಕ್ಕದ ಮನೆಯವರು ‘ಏನಾದ್ರೂ ವಿಶೇಷ ಇದೆಯೇನೇ?’ ಅಂದ್ರು. ನಾಚಿಕೆ ಆಯ್ತು ಅತ್ತಿಗೆ. ಅಂದುಬಿಟ್ಟೆ.” ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು. “ಆಮೇಲೆ ಹಾಗೇ ಆಯ್ತು.”

ನಾನು ಕಾನ್ವೆಂಟಿನಲ್ಲಿ ಕಲಿತ ಎಲ್ಲ ಇಂಗ್ಲಿಷಿನಲ್ಲೂ ಹುಡುಕಿದೆ. ಮೊರದ ಇನ್ನೊಂದು ಬದಿ ಹಿಡಿದು ನಾನೂ ಅಕ್ಕಿ ಆರಿಸಿದೆ. ಹಸನಾದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸಿದೆವು.

ಸೋಮವಾರ ಅವಳ ಜೊತೆ ನಾನೂ ಬಸ್ಸು ಹತ್ತಿದೆ. ಪ್ರಾರ್ಥನೆಯ ಸಾಲಿನಲ್ಲಿ ರೇಣುಕಾ ಕಾಣಲಿಲ್ಲ. ಮಕ್ಕಳು ಒಳಗೆ ಬಂದು ಕೂತರು. ನಾದಿನಿ ಚಾಪೆ ಹಾಸಿದಳು, ಸ್ಲೇಟು ಒರೆಸಿದಳು, ಒರೆಸಿದ ಸ್ಲೇಟನ್ನೇ ಇನ್ನೊಮ್ಮೆ ಒರೆಸಿದಳು. ಹೆಡ್ ಮಿಸ್ ಹಾಜರಿ ಕೂಗತೊಡಗಿದರು.

“ರೇಣುಕಾ.”

ಯಾರೂ ‘ಇಲ್ಲ’ ಎನ್ನಲಿಲ್ಲ. ಆ ಮಾತಿಲ್ಲದೆ ಕೋಣೆ ಅಷ್ಟು ಬರಿದಾಗಬಹುದೆಂದು ನಾನು ಎಣಿಸಿರಲಿಲ್ಲ. ಹೆಡ್ ಮಿಸ್ ಪೆನ್ನು ಮೇಲೆಯೇ ಹಿಡಿದಿದ್ದರು. ಇನ್ನೊಮ್ಮೆ, ಸ್ವಲ್ಪ ಜೋರಾಗಿ,

“ರೇಣುಕಾ.”

ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಬಾಗಿಲಲ್ಲಿ ಅವಳು ನಿಂತಿದ್ದಳು. ಬ್ಯಾಗು ಕುತ್ತಿಗೆಗೆ ಜೋತುಬಿದ್ದಿತ್ತು, ಸೊಂಟದ ಮೇಲೆ ಅರ್ಧ ಜಾರಿದ ತಮ್ಮ, ಏದುಸಿರು. ಉಸಿರು ಹಿಡಿಯುವಷ್ಟು ಹೊತ್ತು ನಿಂತು, ನನ್ನ ನಾದಿನಿಯ ಮುಖ ನೋಡಿಕೊಂಡು ಹೇಳಿದಳು:

“ಹೆಚ್ಚಿದ್ದೀನಿ ಮಿಸ್.”

ಹೆಡ್ ಮಿಸ್ ತಿದ್ದಲಿಲ್ಲ. ತಲೆ ಬಗ್ಗಿಸಿ ಗುರುತು ಹಾಕಿಕೊಂಡರು. ನಾದಿನಿ ಚಾಪೆಯಿಂದ ಕಷ್ಟಪಟ್ಟು ಎದ್ದು ಹೋಗಿ, ಮಗುವನ್ನು ತನ್ನ ಸೊಂಟಕ್ಕೆ ತೆಗೆದುಕೊಂಡಳು. ಸೆರಗಿನ ತುದಿಯಿಂದ ಅದರ ಮೂಗು ಒರೆಸಿದಳು. ಮುಂದಿನ ಸಾಲಿನ ಒಂದು ಮಗು ಕೇಳಿತು, “ಪಾಪು ಯಾರ್ದು ಅಜ್ಜಿ ಮಿಸ್?”

“ನಮ್ದೇ” ಎಂದಳು ನನ್ನ ನಾದಿನಿ. “ಈಗ ಬಂತು ನೋಡು.”